ಹೊಟ್ಟೆ ಚುರ್ ಅಂದ್ರೆ ಏನರ್ಥ? ಮಕ್ಕಳ ಮೈಮಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು, ಕಕ್ಕಸಿಗೆ ಹೋಗುವುದು, ಇಂಥ ದಿನದ ಕೆಲಸಗಳು ಯಾವ ಮಗುವಿಗೆ ಕಷ್ಟವೋ ಅದರ ಜೊತೆ ಕೂತು ದಾರಿ ಹುಡುಕುವುದು ನನ್ನ ಕೆಲಸ. ಕೆಳಗಿನ ಪ್ರಶ್ನೆಗಳನ್ನು ಅಪ್ಪ ಅಮ್ಮಂದಿರು, ಅಜ್ಜಿಯರು, ಟೀಚರುಗಳು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಕೆಲವರು ಕೇಳಿದ್ದು ಮದುವೆಮನೆಯ ಊಟದ ಪಂಕ್ತಿಯಲ್ಲಿ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಳ್ಳಬಹುದು.

## ಶುರುವಿನ ಪ್ರಶ್ನೆಗಳು

ಮೈ ಕೊಡೋ ಸೂಚನೆ ಅಂದ್ರೆ ಏನು? ಹಸಿವಾದ್ರೆ ಮಗುಗೆ ತಾನೇ ಗೊತ್ತಾಗಲ್ವಾ?

ಹಸಿವು, ದಾಹ, ಎದೆಬಡಿತ, ಉಸಿರು, ಸೆಖೆ, ಚಳಿ, ನೋವು, ಓಕರಿಕೆ, ನಿದ್ದೆ, ಒಂದಕ್ಕೆ ಎರಡಕ್ಕೆ ಬರುವುದು. ಇವೆಲ್ಲ ಮೈಯೊಳಗಿಂದ ಮೆದುಳಿಗೆ ಹೋಗುವ ಸುದ್ದಿ. ಕಣ್ಣು ಕಿವಿ ತರುವುದು ಹೊರಗಿನ ಸುದ್ದಿ. 1906ರಲ್ಲಿ ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಈ ಎರಡನ್ನೂ ಬೇರೆ ಬೇರೆ ಮಾಡಿ ಹೆಸರಿಟ್ಟರು. ಇಂಟರೊಸೆಪ್ಷನ್ ಎಂಬ ಪದ ಹುಟ್ಟಿದ್ದು ಅಲ್ಲಿಂದ. ನಾನು ಸುಮ್ನೆ 'ಒಳಮೈ ಅರಿವು' ಎನ್ನುತ್ತೇನೆ.

ಎದೆ, ಹೊಟ್ಟೆ, ಕರುಳನ್ನು ಮೆದುಳಿಗೆ ಜೋಡಿಸುವ ವೇಗಸ್ ನರದಲ್ಲಿ ಹತ್ತರಲ್ಲಿ ಸುಮಾರು ಎಂಟು ಎಳೆಗಳು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಮೆದುಳು ಅಪ್ಪಣೆ ಕೊಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ ಎಂದಾಯಿತು. ಈ ಸುದ್ದಿ ಬಂದು ಸೇರುವ ಮುಖ್ಯ ಜಾಗ ಇನ್ಸುಲಾ. ಅದು ಮೆದುಳಿನ ಮಡಿಕೆಯೊಳಗೆ ಅಡಗಿ ಕೂತಿದೆ.

ಇನ್ನು, ಮಗುವಿಗೆ ತಾನೇ ಗೊತ್ತಾಗುತ್ತದಾ? ಅರ್ಧ ಗೊತ್ತಾಗುತ್ತದೆ. ಏನೋ ಸರಿ ಇಲ್ಲ ಎಂದು ಕೂಸು ಅಳುತ್ತದೆ. ಅದು ಹಸಿವೋ, ನಿದ್ದೆಯೋ, ಒದ್ದೆ ಬಟ್ಟೆಯೋ ಎಂದು ಬಿಡಿಸುವವರು ದೊಡ್ಡವರು. "ಅಯ್ಯೋ, ಹಸಿವಾಯ್ತಾ ಬಂಗಾರ" ಎಂದು ನೂರು ಸಲ ಹೇಳಿ ಎತ್ತಿಕೊಂಡ ಮೇಲೆ ಆ ಸಂಕಟಕ್ಕೂ ಆ ಪದಕ್ಕೂ ಗಂಟು ಬೀಳುತ್ತದೆ. ಕೆಲವು ಮಕ್ಕಳಲ್ಲಿ ಈ ಗಂಟು ಬೇಗ ಬೀಳುತ್ತದೆ, ಕೆಲವರಲ್ಲಿ ತಡ. ಕೆಲವರಿಗೆ ಸೂಚನೆಯೇ ಮೆಲ್ಲಗೆ ಕೇಳಿಸುತ್ತದೆ, ಪಕ್ಕದ ಮನೆಯ ರೇಡಿಯೊ ಥರ.

ಎಷ್ಟನೇ ವಯಸ್ಸಿಂದ ಹೇಳಿಕೊಡಬಹುದು?

ನೀವು ಈಗಾಗಲೇ ಶುರು ಮಾಡಿದ್ದೀರಿ, ಮೇಲಿನ "ಹಸಿವಾಯ್ತಾ ಬಂಗಾರ" ಅದೇ. ಎರಡು ಎರಡೂವರೆ ವರ್ಷಕ್ಕೆ ಮಗು ಮೈಯ ಜಾಗ ತೋರಿಸುತ್ತದೆ. ಮೂರು ನಾಲ್ಕಕ್ಕೆ ಪದ ಸೇರಿಸಬಹುದು. ಐದು ಆರಕ್ಕೆ "ಹೀಗಾದರೆ ಏನು ಮಾಡಬೇಕು" ಎನ್ನುವುದನ್ನೂ ಸೇರಿಸಬಹುದು. ಹತ್ತು ವರ್ಷವಾದ ಮೇಲೆ ಶುರು ಮಾಡಿದರೂ ತಡವೇನಲ್ಲ.

ಏನು ಕೇಳಿದ್ರೂ "ಹೊಟ್ಟೆ ನೋವು" ಅಂತಾಳೆ. ನಿಜವಾ ನಾಟಕವಾ?

ನಾಲ್ಕು ವರ್ಷದ ಹುಡುಗಿಯ ಹತ್ತಿರ ಎಷ್ಟು ಪದ ಇದ್ದೀತು? ಹೊಟ್ಟೆ ಎಂಬ ಒಂದು ಜಾಗ, ನೋವು ಎಂಬ ಒಂದು ಪದ. ಹಸಿವಾದರೂ ಹೊಟ್ಟೆ ನೋವು, ಎರಡಕ್ಕೆ ಬಂದರೂ ಹೊಟ್ಟೆ ನೋವು, ವಾಯು ತುಂಬಿದರೂ ಅದೇ, ಹೊಸ ಟೀಚರ್ ಕಂಡರೂ ಅದೇ. ಗಂಟಲು ನೋವು ಬಂದ ಮಗುವೂ ಹೊಟ್ಟೆ ಮುಟ್ಟಿ ತೋರಿಸಿದ್ದನ್ನು ನೋಡಿದ್ದೇನೆ. ನಾಟಕ ಆಡುವಷ್ಟು ಪದ ಅವಳ ಹತ್ತಿರ ಇನ್ನೂ ಇಲ್ಲ.

ಪದ ಕೊಡಿ. ಕನ್ನಡದಲ್ಲಿ ಈ ಸಾಮಾನು ಬೇಕಾದಷ್ಟಿದೆ. ಹೊಟ್ಟೆ ಚುರ್ ಅನ್ನುವುದು, ಗುಳುಗುಳು ಅನ್ನುವುದು, ಉಬ್ಬರಿಸುವುದು, ನುಲಿಯುವುದು, ತೊಳೆಸುವುದು, ಉರಿಯುವುದು. ಒಂದೊಂದೂ ಬೇರೆ ಬೇರೆ ಸುದ್ದಿ. ಎದೆ ಡವಡವ, ಕಾಲು ಜೋಮು, ತಲೆ ಧಿಂ, ಕಣ್ಣು ಚುರುಚುರು, ಮೈ ಜುಮ್. ದೊಡ್ಡವರು ಕೂಡ ವೈದ್ಯರ ಮುಂದೆ ಹೇಳುವುದು ಇವನ್ನೇ.

ಕೇಳುವ ರೀತಿಯೂ ಮುಖ್ಯ. "ಹಸಿವಾಗಿದೆಯಾ?" ಎಂದರೆ ಮಗು ಹೂಂ ಎನ್ನುತ್ತದೆ. "ನಿದ್ದೆ ಬಂತಾ?" ಎಂದರೂ ಹೂಂ. ಅದರ ಬದಲು "ಎಲ್ಲಿ? ಒಂದು ಬೆರಳಲ್ಲಿ ತೋರಿಸು" ಎನ್ನಿ. ಆಮೇಲೆ "ಗುಳುಗುಳು ಅಂತಿದೆಯಾ, ನುಲೀತಿದೆಯಾ, ಬಿಗಿಯಾಗಿದೆಯಾ?" ಎಂದು ಎರಡು ಮೂರು ಪದ ಮುಂದಿಡಿ. ಮಗು ನಿಮ್ಮ ಪದ ಬಿಟ್ಟು ತನ್ನದೇ ಪದ ಕಟ್ಟಿದರೆ ಇನ್ನೂ ಒಳ್ಳೆಯದು. ಒಬ್ಬ ಪುಟ್ಟ ತನ್ನ ಹಸಿವನ್ನು "ಹೊಟ್ಟೆ ಬಾಗಿಲು ತಟ್ತಿದೆ" ಎನ್ನುತ್ತಿದ್ದ. ಅವರ ಮನೆಯಲ್ಲಿ ಈಗ ಎಲ್ಲರೂ ಹಾಗೇ ಹೇಳುತ್ತಾರೆ.

ಮನೇಲಿ ಕನ್ನಡ, ಶಾಲೇಲಿ ಇಂಗ್ಲಿಷ್. ಈ ಪದಗಳನ್ನ ಯಾವ ಭಾಷೇಲಿ ಕಲಿಸಲಿ?

ಮೈಯ ಪದಗಳು ಮನೆಮಾತಿನಲ್ಲೇ ಇರಲಿ. ಹೊಟ್ಟೆ ತೊಳೆಸುವಾಗ ಮಗು ಓಡಿ ಬರುವುದು ಆ ಮಾತಿನವರ ಹತ್ತಿರ. ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡದ ಮನೆಗಳಿಗೂ ನಾನು ಹೇಳುವುದು ಇದನ್ನೇ. ಭಯಕ್ಕೆ ಇಂಗ್ಲಿಷಿನವರು ಹೊಟ್ಟೆಯಲ್ಲಿ ಚಿಟ್ಟೆ ಹಾರಿಸುತ್ತಾರೆ. ನಮ್ಮ ಹತ್ತಿರ ತಳಮಳ ಇದೆ. ಆ ಪದವನ್ನು ಬಾಯಲ್ಲಿ ಆಡಿದರೇ ಒಳಗೆ ಏನೋ ಅಲುಗಾಡಿದಂತಾಗುತ್ತದೆ, ಅಲ್ವಾ?

ಆದರೆ ಶಾಲೆಯಲ್ಲಿ ತುರ್ತಾಗಿ ಬೇಕಾಗುವ ನಾಲ್ಕೈದು ಮಾತು ಆ ಟೀಚರಿಗೆ ತಿಳಿಯುವ ಭಾಷೆಯಲ್ಲಿ ಮಗುವಿಗೆ ಬರಲೇಬೇಕು: ಒಂದಕ್ಕೆ, ಎರಡಕ್ಕೆ, ವಾಂತಿ ಬರ್ತಿದೆ, ನೀರು ಬೇಕು, ಇಲ್ಲಿ ನೋಯ್ತಿದೆ. ನಿಮ್ಮ ಮನೆಯ ಮುದ್ದುಪದಗಳಿದ್ದರೆ ಅವನ್ನು ಟೀಚರಿಗೂ ಹೇಳಿಬಿಡಿ. "ಸುಸ್ಸು" ಎಂದರೆ ಏನೆಂದು ಗೊತ್ತಿಲ್ಲದ ಬೇರೆ ಊರಿನ ಟೀಚರ್ ಮುಂದೆ ಮಗು ಪಾಪ ಎಷ್ಟು ಸಲ ಹೇಳೀತು?

## ಊಟ, ನೀರು, ಒಂದಕ್ಕೆ, ಎರಡಕ್ಕೆ

ಮೊಬೈಲ್ ತೋರಿಸದೆ ಒಂದು ತುತ್ತೂ ಒಳಗೆ ಹೋಗಲ್ಲ. ಏನು ಮಾಡೋದು?

ಜಾಸ್ತಿ ಬರುವ ಪ್ರಶ್ನೆ ಇದೇ. ಮೊಬೈಲ್ ನೋಡುತ್ತಾ ತಿಂದ ಮಗುವಿನ ಹೊಟ್ಟೆ ತುಂಬಿರುತ್ತದೆ, ತುಂಬಿದ್ದು ಮಗುವಿಗೆ ಮಾತ್ರ ಗೊತ್ತಿರುವುದಿಲ್ಲ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಹೊಟ್ಟೆ "ಸಾಕು" ಎಂದದ್ದು ಮೆದುಳಿಗೆ ಸರಿಯಾಗಿ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಗಮನವೆಲ್ಲ ಕಾರ್ಟೂನಿನ ಮೇಲೆ.

ಅಮೆರಿಕದ ಲೀಯಾನ್ ಬರ್ಚ್ ಎಂಬ ಸಂಶೋಧಕಿ ಮಕ್ಕಳ ಊಟದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. 1987ರ ಒಂದು ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಹಸಿವು, ಹೊಟ್ಟೆ ತುಂಬಿದ್ದು ಇವುಗಳ ಕಡೆ ಗಮನ ಕೊಡಲು ಹೇಳಿದರು. ಇನ್ನು ಕೆಲವರಿಗೆ ತಟ್ಟೆ ಖಾಲಿ ಮಾಡುವುದು, ಬಹುಮಾನ, ಗಡಿಯಾರ ಇವುಗಳ ಕಡೆ. ಮೊದಲ ಗುಂಪಿನವರು ಮುಂಚೆ ತಿಂದ ತಿಂಡಿಯಲ್ಲಿ ಎಷ್ಟು ಕ್ಯಾಲೊರಿ ಇತ್ತೋ ಅದಕ್ಕೆ ತಕ್ಕಂತೆ ಆಮೇಲೆ ಹೆಚ್ಚು ಕಡಿಮೆ ತಿಂದರು. ಎರಡನೆಯವರಿಗೆ ಆ ಲೆಕ್ಕ ತಪ್ಪಿತು. 2000ದಲ್ಲಿ ಬಾರ್ಬರಾ ರೋಲ್ಸ್ ಎಂಬ ಇನ್ನೊಬ್ಬ ಸಂಶೋಧಕಿಯೊಂದಿಗೆ ಮಾಡಿದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ತಟ್ಟೆಯಲ್ಲಿ ಎಷ್ಟೇ ಬಡಿಸಿದರೂ ಮೂರು ವರ್ಷದವರು ತಮಗೆ ಬೇಕಾದಷ್ಟೇ ತಿಂದರು. ಐದು ವರ್ಷದವರು ಜಾಸ್ತಿ ಬಡಿಸಿದರೆ ಜಾಸ್ತಿ ತಿಂದರು. ನಡುವಿನ ಎರಡು ವರ್ಷದಲ್ಲಿ ಹೊಟ್ಟೆಯ ಮಾತಿಗಿಂತ ತಟ್ಟೆಯ ಮಾತು ದೊಡ್ಡದಾಗಿತ್ತು.

ಈಗ ಮನೆಗೆ ಬರೋಣ. ಒಂದೇ ದಿನ ಮೊಬೈಲ್ ಕಿತ್ತುಕೊಂಡರೆ ಯುದ್ಧವೇ. ಮೊದಲು ದಿನಕ್ಕೆ ಒಂದು ಊಟ ಮಾತ್ರ, ಮನೆಯವರೆಲ್ಲ ಒಟ್ಟಿಗೆ ಕೂತು, ಯಾರ ಕೈಯಲ್ಲೂ ಮೊಬೈಲ್ ಇಲ್ಲದೆ. ನಿಮ್ಮದೂ ಸೇರಿ. ಊಟಕ್ಕೆ ಮುಂಚಿನ ಒಂದೂವರೆ ಎರಡು ಗಂಟೆ ಬಿಸ್ಕತ್ತು, ಹಾಲು ಬೇಡ. ಹಸಿವಿಗೆ ಬರಲು ದಾರಿ ಬಿಡಬೇಕಲ್ಲ! ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಕೆಲಸ ಹಂಚಿಕೊಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರದು, ತಿನ್ನಬೇಕೋ ಬೇಡವೋ, ಎಷ್ಟು ಎನ್ನುವುದು ಮಗುವಿನದು. ಮೊದಲ ವಾರ ಮಗು ಕಡಿಮೆ ತಿನ್ನುತ್ತದೆ, ನಿಮ್ಮ ಕರುಳು ಚುರ್ ಎನ್ನುತ್ತದೆ. ಆರೋಗ್ಯವಾಗಿರುವ ಮಗುವಾದರೆ ತಡೆದುಕೊಳ್ಳಿ. ತೂಕ ಕಡಿಮೆ ಇರುವ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಶುರು ಮಾಡಿ.

ತಟ್ಟೇಲಿ ಅನ್ನ ಬಿಟ್ರೆ ಅನ್ನಪೂರ್ಣೆಗೆ ಅವಮಾನ ಅಂತಾರೆ ನಮ್ಮತ್ತೆ. ಅವರಿಗೇನು ಹೇಳಲಿ?

ಅತ್ತೆಯವರು ಹೇಳುವುದು ಸರಿ. ಅನ್ನ ಚೆಲ್ಲಬಾರದು. ಹಾಗಾಗಿ ಬಡಿಸುವಾಗಲೇ ಅರ್ಧ ಬಡಿಸಿ, ಬೇಕಾದರೆ ಮತ್ತೆ ಕೇಳಲಿ. "ಅಜ್ಜಿಗೊಂದು ತುತ್ತು, ಕಾಗೆಗೊಂದು ತುತ್ತು" ಚೆಂದದ ಆಟವೇ. ಆದರೆ ಮುಖ ತಿರುಗಿಸಿದ ಮೇಲೆ ಬರುವ ಕಾಗೆಯ ತುತ್ತು ಮಗುವಿಗೆ ಕಲಿಸುವುದು ಒಂದೇ: ನಿನ್ನ ಹೊಟ್ಟೆಯ ಮಾತು ನಿಲ್ಲುವುದಿಲ್ಲ ಎಂದು. ಅತ್ತೆಯವರಿಗೆ ಇದನ್ನೆಲ್ಲ ವಿವರಿಸುವುದಕ್ಕಿಂತ ಅವರಿಗೊಂದು ಕೆಲಸ ಕೊಡಿ. ಊಟದ ನಡುವೆ "ಪುಟ್ಟಿ, ಹೊಟ್ಟೆ ಎಷ್ಟು ತುಂಬಿತು? ಮೊಣಕಾಲವರೆಗಾ, ಸೊಂಟದವರೆಗಾ, ಕತ್ತಿನವರೆಗಾ?" ಎಂದು ಕೇಳುವುದು ಅಜ್ಜಿಯ ಪಾಲಿಗಿರಲಿ. ನನಗೆ ಗೊತ್ತಿರುವ ಅಜ್ಜಿಯರು ಇದನ್ನು ನಮಗಿಂತ ಚೆನ್ನಾಗಿ ಆಡಿಸುತ್ತಾರೆ.

ಐದು ವರ್ಷ ಆಯ್ತು. ಆಟದಲ್ಲಿ ಮುಳುಗಿದ್ರೆ ಚಡ್ಡೀಲೇ ಒಂದಕ್ಕೆ ಮಾಡ್ಕೋತಾನೆ.

ಐದು ವರ್ಷದ ಮಗುವಿನ ಮೂತ್ರಚೀಲ ಹಿಡಿಯುವುದು ಸುಮಾರು 180 ಮಿಲಿ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮಕ್ಕಳ ಅಂದಾಜು ಲೆಕ್ಕ ಸಿಗುತ್ತದೆ. ಚೀಲ ಹಿಗ್ಗಿದಾಗ ಅದನ್ನು ಗುರುತಿಸಿ ನರಕ್ಕೆ ತಿಳಿಸುವುದರಲ್ಲಿ ಪೀಜೋ2 ಎಂಬ ಪ್ರೋಟೀನಿನ ಕೈವಾಡವಿದೆ ಎಂದು 2020ರಲ್ಲಿ ಗೊತ್ತಾಯಿತು. ಇಂಥ ಪ್ರೋಟೀನುಗಳನ್ನು ಪತ್ತೆ ಮಾಡಿದ ಆರ್ಡೆಮ್ ಪಟಾಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಿಮ್ಮ ಮಗನ ಪೀಜೋ2 ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಲಗೋರಿ ಕಲ್ಲು ಪೇರಿಸುವಾಗ ಅದರ ಮಾತು ಯಾರಿಗೆ ಕೇಳುತ್ತದೆ?

ಮೈ ಮಾತ್ರ ಹೊರಗೆ ಸುದ್ದಿ ಹೇಳುತ್ತಿರುತ್ತದೆ. ಕಾಲಿಗೆ ಕಾಲು ಹೆಣೆಯುವುದು, ಕುಣಿಯುವುದು, ಹಿಮ್ಮಡಿ ಮೇಲೆ ಕೂರುವುದು, ಚಡ್ಡಿ ಹಿಡಿದುಕೊಳ್ಳುವುದು. ಇದು ಕಂಡಾಗ "ಹೋಗೋ, ಬೇಗ ಹೋಗು" ಎಂದರೆ ಅವನು "ಬಂದಿಲ್ಲ" ಎನ್ನುತ್ತಾನೆ. ಸುಳ್ಳಲ್ಲ, ಅವನಿಗೆ ಗೊತ್ತಾಗಿಲ್ಲ. ಕಂಡದ್ದನ್ನಷ್ಟೇ ಹೇಳಿ: "ನಿನ್ನ ಕಾಲು ಕುಣೀತಿದೆ ನೋಡು. ಕೆಳಹೊಟ್ಟೆ ಹೇಗಿದೆ?" ಹೋಗಿ ಬಂದ ಮೇಲೆ "ಈಗ ಹೇಗಿದೆ, ಹಗುರ ಆಯ್ತಾ?" ಎಂದೂ ಕೇಳಿ. ಈ ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ತುಂಬಿದ್ದು ಹೇಗಿತ್ತು, ಖಾಲಿಯಾದದ್ದು ಹೇಗಿದೆ ಎಂದು ಎರಡೂ ಪಕ್ಕಪಕ್ಕ ಬಂದಾಗ ತಾನೇ ವ್ಯತ್ಯಾಸ ತಿಳಿಯುವುದು?

ಎಂಟು ವರ್ಷದ ಮಗ, ಚಡ್ಡೀಲಿ ಸ್ವಲ್ಪ ಸ್ವಲ್ಪ ಎರಡಕ್ಕೆ ಆಗಿರುತ್ತೆ. ಕೇಳಿದ್ರೆ "ನಂಗೆ ಗೊತ್ತೇ ಆಗ್ಲಿಲ್ಲ" ಅಂತಾನೆ. ಬೈದು ಸಾಕಾಯ್ತು.

ಬೈಯುವುದನ್ನು ಇವತ್ತೇ ನಿಲ್ಲಿಸಿ. ಅವನು ನಿಜ ಹೇಳುತ್ತಿದ್ದಾನೆ.

ಇದು ಹೆಚ್ಚಾಗಿ ಮಲಬದ್ಧತೆ. ಭೇದಿ ಅಂತ ತಪ್ಪು ತಿಳಿದು ಅದಕ್ಕೆ ಔಷಧಿ ಕೊಟ್ಟವರೂ ಇದ್ದಾರೆ. ಆಗುವುದು ಹೀಗೆ: ಯಾವತ್ತೋ ಒಂದು ದಿನ ಗಟ್ಟಿಯಾಗಿ ಹೋಗಿ ನೋವಾಗಿರುತ್ತದೆ. ಅಥವಾ ಶಾಲೆಯ ಕಕ್ಕಸು ಗಲೀಜಾಗಿರುತ್ತದೆ. ಮಗು ತಡೆದುಕೊಳ್ಳುತ್ತದೆ. ಒಳಗೆ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ, ಮರುದಿನ ಇನ್ನೂ ನೋವು, ಇನ್ನೂ ತಡೆದುಕೊಳ್ಳುವುದು. ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಳೇ ಎಲಾಸ್ಟಿಕ್ ಥರ ಹಿಗ್ಗಿಬಿಡುತ್ತದೆ. ಹಿಗ್ಗಿದ ನಾಳಕ್ಕೆ "ಬಂತು" ಎನ್ನುವ ಸೂಚನೆ ಕೊಡುವ ಶಕ್ತಿಯೇ ಕುಂದುತ್ತದೆ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ಸೋರುತ್ತದೆ. ಮಗುವಿಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ.

ನನ್ನ ಮಗನಿಗೇ ಹೀಗಾಗಿತ್ತು. ಮಕ್ಕಳ ಜೊತೆ ಇದೇ ಕೆಲಸ ಮಾಡುವ ನಾನೇ ಎರಡು ತಿಂಗಳು "ಸೋಮಾರಿ" ಎಂದು ಗದರಿದ್ದೆ. ಈಗಲೂ ನೆನೆದರೆ ಮುಜುಗರ.

ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ. ಮಲ ಮೆದುವಾಗಿಸುವ ಔಷಧಿ ಕೊಡುತ್ತಾರೆ. ಅದನ್ನು ವಾರಕ್ಕೆ ನಿಲ್ಲಿಸಿದರೆ ಕೆಲಸ ಕೆಟ್ಟಿತು. ನಾಳ ಮೊದಲಿನ ಗಾತ್ರಕ್ಕೆ ಬಂದು ಸೂಚನೆ ಮರಳಲು ತಿಂಗಳುಗಳೇ ಬೇಕು. ಜೊತೆಗೆ ತಿಂಡಿ ಅಥವಾ ಊಟವಾದ ಮೇಲೆ ಐದು ಹತ್ತು ನಿಮಿಷ ಕೂರಿಸಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಕದಲುತ್ತದೆ, ಅದರ ಲಾಭ ಪಡೆಯಿರಿ. ಕಮೋಡಿನ ಮೇಲೆ ಮಗುವಿನ ಕಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ತಿಣುಕುವುದಕ್ಕೆ ಬಲ ಸಿಗುವುದಿಲ್ಲ. ಕಾಲ ಕೆಳಗೆ ಒಂದು ಮಣೆ ಇಡಿ. ಕುಕ್ಕರಗಾಲಲ್ಲಿ ಕೂರುವ ನಮ್ಮ ಹಳೇ ಕಕ್ಕಸು ಈ ವಿಷಯದಲ್ಲಿ ಒಳ್ಳೆಯದೇ.

ನೀರಿನ ಬಾಟ್ಲಿ ತುಂಬಿದ ಹಾಗೇ ಶಾಲೆಯಿಂದ ವಾಪಸ್ ಬರುತ್ತೆ. ದಾಹನೇ ಆಗಲ್ವಾ?

ಆಗುತ್ತದೆ. ಆದರೆ ದಾಹದ ಸೂಚನೆ ಮೆತ್ತಗಿನದು, ಹಸಿವಿನಷ್ಟು ಗಲಾಟೆ ಮಾಡುವುದಿಲ್ಲ. ಅದಕ್ಕೇ 2019ರಲ್ಲಿ ಕೇರಳದ ಶಾಲೆಗಳ 'ವಾಟರ್ ಬೆಲ್' ಅಷ್ಟು ಹೆಸರು ಮಾಡಿದ್ದು, ಅದೇ ವರ್ಷ ಕರ್ನಾಟಕದ ಶಾಲೆಗಳಿಗೂ ಬಂದದ್ದು. ಗಂಟೆ ಹೊಡೆದಾಗ ಎಲ್ಲರೂ ನೀರು ಕುಡಿಯಬೇಕು. ಒಳ್ಳೆಯ ಕೆಲಸ. ಅದರ ಜೊತೆ "ಬಾಯಿ ಒಣಗಿದೆಯಾ? ತುಟಿ ನೆಕ್ಕಿ ನೋಡಿ" ಎಂಬ ಒಂದು ಮಾತು ಸೇರಿದರೆ ಗಂಟೆ ಇಲ್ಲದ ದಿನವೂ ಮಗು ಕುಡಿದೀತು.

ಇನ್ನೊಂದು ಕಾರಣ ನೇರವಾಗಿ ಕೇಳಿ: ಶಾಲೆಯ ಶೌಚಾಲಯ ಹೇಗಿದೆ? ಅಲ್ಲಿಗೆ ಹೋಗಬಾರದೆಂದು ಬೇಕೆಂತಲೇ ನೀರು ಬಿಡುವ ಹೆಣ್ಣುಮಕ್ಕಳು ಬಹಳ. ಇಂಥಲ್ಲಿ ಮಗುವಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ಪೋಷಕರ ಸಭೆಯಲ್ಲಿ ಚಿಲಕ, ನೀರು, ಬಕೆಟ್ಟಿನ ಮಾತು ಎತ್ತಬೇಕು.

ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ. ಇದನ್ನೂ ಅಭ್ಯಾಸ ಮಾಡಿಸಿ ಸರಿ ಮಾಡಬಹುದಾ?

ನಿದ್ದೆಯಲ್ಲಿ ನಡೆಯುವುದಕ್ಕೆ ಹಗಲಿನ ಪಾಠ ಅಷ್ಟಾಗಿ ತಾಗುವುದಿಲ್ಲ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಂದಿ ರಾತ್ರಿ ಒದ್ದೆ ಮಾಡುತ್ತಾರೆ, ವರ್ಷ ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ. ಬೈಗುಳ, ನಾಚಿಕೆ ಎರಡೂ ಬೇಡ. ಆದರೆ ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ವೈದ್ಯರಿಗೆ ತೋರಿಸಿ. ಜೊತೆಗೆ ಮಗು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಶುರುವಾಗುವುದು ಹೀಗೇ.

## ಮನಸ್ಸಿನ ಸುದ್ದಿ ಮೈಯಲ್ಲಿ

ಸೋಮವಾರ ಬೆಳಗ್ಗೆ ಮಾತ್ರ ಹೊಟ್ಟೆ ನೋವು ಬರುತ್ತೆ. ರಜಾ ದಿನ ಇಲ್ಲ. ಇದು ಸುಳ್ಳು ತಾನೇ?

ಕಾರಣ ಮನಸ್ಸಿನಲ್ಲಿದ್ದರೂ ನೋವು ಇರುವುದು ಹೊಟ್ಟೆಯಲ್ಲೇ. ಜಾನ್ ಏಪ್ಲಿ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಬ್ರಿಸ್ಟಲ್‌ನಲ್ಲಿ 1000 ಶಾಲಾ ಮಕ್ಕಳನ್ನು ನೋಡಿ 1958ರಲ್ಲಿ ಬರೆದರು: ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಪದೇ ಪದೇ ಹೊಟ್ಟೆ ನೋವು ಬರುತ್ತಿತ್ತು. ಅವರಲ್ಲಿ ಹೆಚ್ಚಿನವರ ಹೊಟ್ಟೆಯಲ್ಲಿ ರೋಗ ಸಿಗಲಿಲ್ಲ. ಹೆದರಿಕೆಯಾದಾಗ ಕರುಳಿನ ಓಟ ಬದಲಾಗುತ್ತದೆ, ಹೊಟ್ಟೆ ಬಿಗಿಯುತ್ತದೆ. ಪರೀಕ್ಷೆಯ ದಿನ ನಿಮಗೂ ಎರಡೆರಡು ಸಲ ಕಕ್ಕಸಿಗೆ ಓಡಿದ ನೆನಪಿರಬೇಕು.

"ಸುಳ್ಳು ಹೇಳ್ಬೇಡ" ಎಂದರೆ ಮಗು ತನ್ನ ಮೈಯನ್ನೇ ನಂಬದಂತಾಗುತ್ತದೆ. "ನೋವಿದೆ, ಗೊತ್ತು. ಇದು ನುಲಿಯುವ ನೋವಾ, ತಳಮಳದ ನೋವಾ?" ಎಂದು ಕೇಳಿ. ಬಿಸಿನೀರಿನ ಚೀಲ ಇಡಿ, ಹೊಟ್ಟೆ ನೀವಿ, ಶಾಲೆಗೂ ಕಳಿಸಿ. ಸಂಜೆ ಪುರಸೊತ್ತಿನಲ್ಲಿ ಸೋಮವಾರ ಮೊದಲ ಪೀರಿಯಡ್ ಯಾವುದು, ಪಕ್ಕದಲ್ಲಿ ಕೂರುವವರು ಯಾರು ಎಂದು ವಿಚಾರಿಸಿ.

ಕೆಲವು ನೋವನ್ನು ಮಾತ್ರ ಮನಸ್ಸಿನದು ಎಂದು ಬಿಡಲೇಬಾರದು. ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿಂದ ದೂರ ಇರುವ ನೋವು (ಬಲಗಡೆ ಕೆಳಗಾದರೆ ಇನ್ನೂ ಎಚ್ಚರ), ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ, ಇಳಿಯುವ ತೂಕ. ಇವುಗಳಲ್ಲಿ ಯಾವುದಿದ್ದರೂ ದೃಷ್ಟಿ ತೆಗೆದ ಮೇಲೆ ನೇರ ಆಸ್ಪತ್ರೆಗೆ ಹೊರಡಿ.

ಸಿಟ್ಟು ಬಂದ್ರೆ ತಂಗೀಗೆ ಹೊಡೆದುಬಿಡ್ತಾನೆ, ಆಮೇಲೆ ತಾನೇ ಅಳ್ತಾನೆ. ಇದಕ್ಕೂ ಮೈ ಸೂಚನೆಗೂ ಏನು ಸಂಬಂಧ?

ತುಂಬಾ ಇದೆ. ಭಾವನೆ ಎಂದರೆ ಮೈಯಲ್ಲಾದ ಬದಲಾವಣೆಯ ಅರಿವೇ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದರು. ಅದು ಪೂರ್ತಿ ಸರಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಭಾವನೆಗೆ ಮೈಯಲ್ಲಿ ಜಾಗ ಇದೆ ಎನ್ನುವುದರಲ್ಲಿ ಅನುಮಾನ ಬೇಡ. 2014ರಲ್ಲಿ ಫಿನ್ಲೆಂಡಿನ ಲೌರಿ ನುಮ್ಮೆನ್ಮಾ ಮತ್ತು ಜೊತೆಗಾರರು 701 ಜನರಿಗೆ ಮೈಯ ಚಿತ್ರ ಕೊಟ್ಟು, ಯಾವ ಭಾವನೆ ಎಲ್ಲಿ ಗೊತ್ತಾಗುತ್ತದೆಂದು ಬಣ್ಣ ಹಾಕಿಸಿದರು. ಸಿಟ್ಟು ತಲೆ, ಎದೆ, ಕೈಗಳಲ್ಲಿ ಕೆಂಪಾಗಿ ಮೂಡಿತು. ಕನ್ನಡಕ್ಕೆ ಇದು ಹೊಸ ಸುದ್ದಿಯೇನಲ್ಲ. ನಮಗೆ ಸಿಟ್ಟು ಬಂದರೆ ಮೈ ಉರಿಯುತ್ತದೆ, ಕೈ ಕಡಿಯುತ್ತದೆ. ಪಕ್ಕದವರು ಕಾರು ಕೊಂಡರೆ ಹೊಟ್ಟೆ ಉರಿಯುತ್ತದೆ. ಕೆಟ್ಟ ಸುದ್ದಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ನಿಮ್ಮ ಮಗನಿಗೆ ಸಿಟ್ಟು ಬಂದದ್ದು ತಿಳಿಯುವುದು ಕೈ ಬೀಸಿದ ಮೇಲೆ. ಅದಕ್ಕೆ ಮುಂಚೆ ಮುಷ್ಟಿ ಬಿಗಿದಿರುತ್ತದೆ, ಕಿವಿ ಬಿಸಿಯಾಗಿರುತ್ತದೆ, ಉಸಿರು ಜೋರಾಗಿರುತ್ತದೆ. ಶಾಂತವಾಗಿರುವಾಗ ಒಂದು ಹಾಳೆಯ ಮೇಲೆ ಅವನ ಆಕಾರ ಬರೆದು "ನಿನ್ನೆ ಸಿಟ್ಟು ಬಂದಾಗ ಎಲ್ಲಿ ಬಿಸಿಯಾಯ್ತು?" ಎಂದು ಬಣ್ಣ ಹಾಕಿಸಿ. ಸಿಟ್ಟಿನ ನಡುವೆ ಈ ಪಾಠ ಶುರು ಮಾಡಿದರೆ ಏಟು ನಿಮಗೂ ಬಿದ್ದೀತು! ಕೆಲವು ವಾರ ಕಳೆದ ಮೇಲೆ "ಅಮ್ಮಾ, ಕಿವಿ ಬಿಸಿ ಆಯ್ತು" ಎಂದು ಅವನೇ ಬಂದು ಹೇಳಿದರೆ, ಕೈ ಬೀಸುವ ಮುಂಚೆ ಒಂದು ಗಳಿಗೆ ಸಿಕ್ಕಿತು ಎಂದು ಲೆಕ್ಕ.

ಮನೇಲೇ ಆಡಿಸೋ ಆಟ ಇದ್ರೆ ಹೇಳಿ.

ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ. ಕುಂಟಾಬಿಲ್ಲೆ ಆಡಿಸಿ, ನಿಂತ ತಕ್ಷಣ ಎದೆ ಮೇಲೆ ಕೈ ಇಡಿಸಿ, "ಡವಡವ ಎಷ್ಟು ಹೊತ್ತಿಗೆ ನಿಧಾನ ಆಗುತ್ತೆ ನೋಡೋಣ" ಎನ್ನಿ. ಕಬಡ್ಡಿ ಉಸಿರಿನ ಪಾಠಶಾಲೆಯೇ. ಮಡಕೆ ನೀರು ಕುಡಿಯುವಾಗ ಕಣ್ಣು ಮುಚ್ಚಿ, ತಣ್ಣಗೆ ಎಲ್ಲಿಯವರೆಗೆ ಇಳಿಯಿತೆಂದು ಬೆರಳಲ್ಲಿ ತೋರಿಸಲಿ. ಮಲಗಿರುವ ಮಗುವಿನ ಹೊಟ್ಟೆ ಮೇಲೆ ಗೊಂಬೆ ಇಟ್ಟರೆ ಉಸಿರಿನ ಜೊತೆ ಗೊಂಬೆ ತೂಗುತ್ತದೆ. ದಿನಕ್ಕೆ ಎರಡು ನಿಮಿಷ ಸಾಕು. ಪರೀಕ್ಷೆ ಥರ ಕೇಳಬೇಡಿ, ಇದರಲ್ಲಿ ತಪ್ಪು ಉತ್ತರ ಎನ್ನುವುದಿಲ್ಲ.

## ಆಳದ ಪ್ರಶ್ನೆಗಳು

ಮಗನಿಗೆ ಆಟಿಸಂ ಇದೆ. ಬಿದ್ದು ರಕ್ತ ಬಂದ್ರೂ ಅಳಲ್ಲ, ಅಂಗಿ ಲೇಬಲ್ ತಾಗಿದ್ರೆ ಕಿರುಚ್ತಾನೆ. ಇದೇನು ವಿಚಿತ್ರ?

ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಒಂದು ಸುದ್ದಿ ಪಿಸುಮಾತಾಗಿ ಬರುತ್ತದೆ, ಇನ್ನೊಂದು ಮೈಕಿನಲ್ಲಿ ಕೂಗಿದಂತೆ. 2013ರಿಂದ ಆಟಿಸಂ ಗುರುತಿಸುವ ಅಮೆರಿಕದ ಡಿಎಸ್ಎಂ-5 ಮಾನದಂಡದಲ್ಲೇ ಈ ಹೆಚ್ಚು ಕಡಿಮೆಯ ಮಾತು ಸೇರಿದೆ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳಲ್ಲೂ ಹಸಿವು, ಮೂತ್ರದ ಸೂಚನೆ ತಪ್ಪಿಹೋಗುವುದನ್ನು ನಾವು ದಿನಾ ನೋಡುತ್ತೇವೆ.

ಇಂಥ ಮಗುವಿಗೆ "ನಿಂಗೆ ಹೇಗನಿಸ್ತಿದೆ?" ಎಂಬ ಪ್ರಶ್ನೆ ಬಹಳ ದೊಡ್ಡದು. ಒಂದೊಂದೇ ಅಂಗದಿಂದ ಶುರು ಮಾಡಿ. ಈ ವಾರ ಕೈ ಮಾತ್ರ: ಬಿಸಿಯಾ, ತಣ್ಣಗಾ, ಒದ್ದೆಯಾ. ಮಾತು ಬಾರದಿದ್ದರೆ ಚಿತ್ರದ ಕಾರ್ಡುಗಳಿರಲಿ. ಸೂಚನೆ ಗುರುತಿಸಲು ಕಲಿಯುವ ತನಕ ಊಟ, ನೀರು, ಶೌಚಕ್ಕೆ ಗಡಿಯಾರದ ಆಸರೆ ಬೇಕೇ ಬೇಕು. ಮತ್ತು ದಯವಿಟ್ಟು ಇದನ್ನು ನೆನಪಿಡಿ: ನೋವು ಹೇಳಿಕೊಳ್ಳದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ, ಊಟ ಬಿಟ್ಟರೆ, ನಿದ್ದೆ ಕೆಟ್ಟರೆ ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿ. "ಆಟಿಸಂ ಅಲ್ವಾ, ಹಾಗೇ" ಎಂದು ಬಿಟ್ಟು ಹುಳುಕು ಹಲ್ಲಿನ ಜೊತೆ ತಿಂಗಳುಗಟ್ಟಲೆ ನರಳಿದ ಮಕ್ಕಳಿದ್ದಾರೆ.

ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು, ಉಚಿತ. ಅಂಗನವಾಡಿ ಕಾರ್ಯಕರ್ತೆಯರಿಗೆ ದಾರಿ ಗೊತ್ತಿರುತ್ತದೆ.

ಯಾವಾಗಲೂ ಮೈ ಕಡೆ ಗಮನ ಕೊಡು ಅಂದ್ರೆ ಮಗು ಸಣ್ಣದಕ್ಕೂ ಗಾಬರಿ ಬೀಳಲ್ವಾ?

ಒಳ್ಳೆಯ ಪ್ರಶ್ನೆ. ಬೀಳಬಹುದು. ಸಾರಾ ಗಾರ್ಫಿಂಕಲ್ ಎಂಬ ಬ್ರಿಟನ್ನಿನ ನರವಿಜ್ಞಾನಿ ಮತ್ತು ಜೊತೆಗಾರರು 2015ರಲ್ಲಿ ಇದನ್ನು ಮೂರಾಗಿ ಬಿಡಿಸಿದರು: ಸೂಚನೆಯನ್ನು ಎಷ್ಟು ಸರಿಯಾಗಿ ಹಿಡಿಯುತ್ತೇವೆ, ಹಿಡಿಯುತ್ತೇವೆಂದು ಎಷ್ಟು ನಂಬುತ್ತೇವೆ, ಆ ನಂಬಿಕೆ ನಿಜಕ್ಕೆ ಎಷ್ಟು ಹತ್ತಿರ. ಎದೆಬಡಿತವನ್ನು ಮುಟ್ಟದೆ ಎಣಿಸುವ ಪರೀಕ್ಷೆಯೊಂದಿದೆ. ಚೆನ್ನಾಗಿ ಎಣಿಸುತ್ತೇನೆ ಎನ್ನುವವರ ಲೆಕ್ಕ ಎಷ್ಟೋ ಸಲ ತಪ್ಪಿರುತ್ತದೆ.

ಗಾಬರಿ ಮಗುವಿಗೆ ಸೂಚನೆ ಕಡಿಮೆ ಇರುವುದಿಲ್ಲ, ಅರ್ಥ ತಪ್ಪಿರುತ್ತದೆ. ಎದೆ ಡವಡವ ಎಂದರೆ "ನಂಗೇನೋ ಆಗ್ತಿದೆ" ಎಂದು ಓದಿಕೊಳ್ಳುತ್ತದೆ. ಅದಕ್ಕೆ ಇನ್ನಷ್ಟು ಗಮನ ಬೇಡ. ಒಂದೇ ಸೂಚನೆಗೆ ಹಲವು ಅರ್ಥಗಳಿರುವುದು ತಿಳಿಯಬೇಕು. ಓಡಿದರೂ ಡವಡವ, ಜಾತ್ರೆಯಲ್ಲಿ ತೊಟ್ಟಿಲು ಹತ್ತಿದರೂ ಡವಡವ, ಹುಟ್ಟುಹಬ್ಬದ ಹಿಂದಿನ ರಾತ್ರಿಯೂ ಡವಡವ. ಗಾಬರಿ ಸ್ವಭಾವದ ಮಗುವಿಗೆ ಆಟಗಳನ್ನು ಅಂಗೈ ಅಂಗಾಲಿನಿಂದ ಶುರು ಮಾಡಿ, ಎದೆ ಉಸಿರಿನ ಕಡೆ ಕೊನೆಗೆ ಹೋಗಿ. ಗಾಬರಿಯಿಂದ ಶಾಲೆ, ನಿದ್ದೆ ಕೆಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೆಂಟರು ಮುದ್ದು ಮಾಡಿದ್ರೆ ಮುದುಡ್ಕೋತಾಳೆ. "ಮಾಮನಿಗೆ ಮುತ್ತು ಕೊಡು" ಅಂತ ಬಲವಂತ ಮಾಡೋದು ತಪ್ಪಾ?

ತಪ್ಪು. ಮೈ ಮುದುಡುವುದು, ಹೊಟ್ಟೆ ತೊಳೆಸುವುದು, ಕತ್ತು ಬಿಗಿಯುವುದು, ಇವೂ ಸೂಚನೆಗಳೇ. ಮಾಮ ಒಳ್ಳೆಯವರೇ ಇರಬಹುದು, ಅವರ ಮೀಸೆ ಚುಚ್ಚುತ್ತಿರಬಹುದು. ಆದರೂ ಆ ಸೂಚನೆಯನ್ನು ನುಂಗಿಕೊಂಡು ನಗಬೇಕೆಂದು ಕಲಿತ ಮಗು, ಕೆಟ್ಟ ಕೈ ಮುಟ್ಟಿದಾಗಲೂ ನುಂಗಿಕೊಳ್ಳುತ್ತದೆ. "ಮುತ್ತು ಬೇಡ್ವಾ? ಸರಿ, ನಮಸ್ಕಾರ ಮಾಡು" ಎಂದರೆ ಮರ್ಯಾದೆಯೂ ಉಳಿಯಿತು. ಮಗು ಯಾರದೋ ಬಗ್ಗೆ "ಅವರು ಬಂದ್ರೆ ಮೈ ಒಂಥರಾ ಆಗುತ್ತೆ" ಎಂದರೆ ನಗಬೇಡಿ, ವಿಚಾರಣೆಯನ್ನೂ ಶುರು ಮಾಡಬೇಡಿ. ಕೂತು ಕೇಳಿ. ಕಿರುಕುಳದ ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098. ಇಂಥದ್ದಕ್ಕೆಂದೇ 2012ರ ಪೋಕ್ಸೊ ಕಾಯ್ದೆ ಇದೆ.

ನಿಜ ಹೇಳ್ಬೇಕಂದ್ರೆ ನಂಗೇ ನನ್ನ ಮೈ ಸುದ್ದಿ ಗೊತ್ತಾಗಲ್ಲ. ತಿಂಡಿ ತಿನ್ನೋದು ಹನ್ನೊಂದು ಗಂಟೆಗೆ. ನಾನೇನು ಕಲಿಸಲಿ?

ಹೀಗೆ ಕೇಳಿದ ತಾಯಿಗೆ ನಾನು ಒಂದೇ ಕೆಲಸ ಕೊಟ್ಟಿದ್ದೆ. ನಿಮ್ಮ ಮೈಯಲ್ಲಿ ಆಗುವುದನ್ನು ದಿನಕ್ಕೆ ಎರಡು ಸಲ ಮಗಳ ಮುಂದೆ ಬಾಯಿಬಿಟ್ಟು ಹೇಳಿ. "ಅಬ್ಬಾ, ಸೊಂಟ ಹಿಡ್ಕೊಂಡಿದೆ, ಸ್ವಲ್ಪ ಕೂರ್ತೀನಿ." "ತಲೆ ಸಿಡೀತಿದೆ, ನೀರು ಕುಡಿದೇ ಇಲ್ಲ." ಹೇಳಿದ ಮೇಲೆ ಅದಕ್ಕೆ ತಕ್ಕದ್ದನ್ನು ಮಾಡಿಯೂ ತೋರಿಸಬೇಕು, ಇಲ್ಲದಿದ್ದರೆ ಬರೀ ಗೊಣಗಾಟವಾಗುತ್ತದೆ.

ಮೂರು ವಾರ ಬಿಟ್ಟು ಅವರ ಫೋನ್ ಬಂತು. ಬೆಳಗ್ಗೆ ಒಲೆ ಮುಂದೆ ನಿಂತು ಯಾಕೋ ರೇಗಾಡುತ್ತಿದ್ದರಂತೆ. ಮಗಳು ಚಡ್ಡಿ ಹಾಕಿಕೊಳ್ಳುತ್ತಲೇ ಅಡುಗೆಮನೆಗೆ ಬಂದು, ಅಮ್ಮನ ಹೊಟ್ಟೆಗೆ ಕಿವಿ ಇಟ್ಟು, "ಗುಳುಗುಳು ಅಂತಿದೆ. ನೀನು ಮೊದ್ಲು ದೋಸೆ ತಿನ್ನು" ಅಂದಳಂತೆ.